ದೆಹಲಿಯಲ್ಲಿ ಕೊನೆಯುಸಿರೆಳೆದ ಗಣ್ಯರು: ಪದೇ ಪದೇ ಕೇಳುವ ಪ್ರಶ್ನೆಗಳು

ಜೀವನಚರಿತ್ರೆ ಬರೆಯುವವರು, ರಸಪ್ರಶ್ನೆ ಸಿದ್ಧಪಡಿಸುವವರು, ಶಾಲೆಯ ಭಿತ್ತಿಪತ್ರಕ್ಕೆ ಮಾಹಿತಿ ಹುಡುಕುವವರು, ದೆಹಲಿ ಪ್ರವಾಸಕ್ಕೆ ಹೊರಟವರು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರವಿದೆ. ಈ ವಿಷಯದಲ್ಲಿ ಆಗುವ ತಪ್ಪುಗಳಲ್ಲಿ ಹೆಚ್ಚಿನವಕ್ಕೆ ಕಾರಣ ಒಂದೇ: ತೀರಿಕೊಂಡ ಜಾಗ, ಅಂತ್ಯಕ್ರಿಯೆ ನಡೆದ ಜಾಗ, ಸ್ಮಾರಕ ಇರುವ ಜಾಗ ಈ ಮೂರನ್ನೂ ಒಂದೇ ಎಂದುಕೊಳ್ಳುವುದು.

ಈ ಪಟ್ಟಿಗೆ ಯಾರನ್ನು ಸೇರಿಸಬೇಕು?

ಪ್ರಾಣ ಹೋದದ್ದು ದೆಹಲಿಯ ಗಡಿಯೊಳಗೆ ಎಂಬುದೊಂದೇ ಅಳತೆಗೋಲು. ಹುಟ್ಟಿದ ಊರು, ಬಾಳಿದ ಊರು, ಚಿತೆ ಉರಿದ ಊರು ಇವು ಯಾವುವೂ ಲೆಕ್ಕಕ್ಕೆ ಬರುವುದಿಲ್ಲ. ಜವಾಹರಲಾಲ್ ನೆಹರೂ 1964ರ ಮೇ 27ರಂದು ತೀನ್ ಮೂರ್ತಿ ಭವನದಲ್ಲಿ ತೀರಿಕೊಂಡರು, ಹಾಗಾಗಿ ಅವರು ಪಟ್ಟಿಯಲ್ಲಿರುತ್ತಾರೆ. ದೆಹಲಿಯಲ್ಲೇ ಸಮಾಧಿ ಇದ್ದರೂ ಲಾಲ್ ಬಹಾದೂರ್ ಶಾಸ್ತ್ರಿ ಇರುವುದಿಲ್ಲ. ಅವರು 1966ರ ಜನವರಿ 11ರಂದು ನಿಧನರಾದದ್ದು ತಾಷ್ಕೆಂಟ್‌ನಲ್ಲಿ.

ದೆಹಲಿ ಎಂದು ಬರೆಯಬೇಕೋ, ನವದೆಹಲಿ ಎಂದೋ?

ವಿಳಾಸ ನೋಡಿ ತೀರ್ಮಾನಿಸಿ. ಬ್ರಿಟಿಷರು ಕಟ್ಟಿಸಿ 1931ರ ಫೆಬ್ರುವರಿಯಲ್ಲಿ ಉದ್ಘಾಟಿಸಿದ ನವದೆಹಲಿ ಇಡೀ ದೆಹಲಿಯ ಒಂದು ಭಾಗ ಮಾತ್ರ. ಸಫ್ದರ್‌ಜಂಗ್ ರಸ್ತೆ, ತೀನ್ ಮೂರ್ತಿ, ರಾಷ್ಟ್ರಪತಿ ಭವನ ನವದೆಹಲಿಗೆ ಸೇರುತ್ತವೆ. ಬಲ್ಲೀಮಾರಾನ್ ಹಳೆ ದೆಹಲಿಯಲ್ಲಿದೆ. ಅಲೀಪುರ ರಸ್ತೆ ಇರುವುದು ಉತ್ತರದ ಸಿವಿಲ್ ಲೈನ್ಸ್ ಕಡೆ. ಅಲ್ಲಿ ತೀರಿಕೊಂಡ ಅಂಬೇಡ್ಕರ್ ಅವರ ನಿಧನದ ಸ್ಥಳವನ್ನು ನವದೆಹಲಿ ಎಂದು ಬರೆಯುವವರು ಬಹಳ, ಆದರೆ ಬರೀ ದೆಹಲಿ ಎನ್ನುವುದೇ ಸರಿ. ಖಚಿತ ವಿಳಾಸ ಸಿಗದಿದ್ದಾಗಲೂ ದೆಹಲಿ ಎಂದೇ ಬರೆಯಿರಿ, ಅದು ಎರಡಕ್ಕೂ ಹೊಂದುತ್ತದೆ.

ದೆಹಲಿ ರಾಜಧಾನಿಯಾಗಿರದಿದ್ದ ಕಾಲದಲ್ಲಿ ತೀರಿಕೊಂಡವರು?

ಪಟ್ಟಿಯ ತಲೆಬರಹವೇ ಇದಕ್ಕೆ ಉತ್ತರ ಕೊಡಬೇಕು. ‘ದೆಹಲಿಯಲ್ಲಿ ನಿಧನರಾದವರು’ ಎಂದಿದ್ದರೆ ಕಾಲದ ಹಂಗಿಲ್ಲ. ‘ರಾಜಧಾನಿಯಲ್ಲಿ ನಿಧನರಾದವರು’ ಎಂದಿದ್ದರೆ ಆ ದಿನ ಆ ಊರು ಯಾವುದರ ರಾಜಧಾನಿಯಾಗಿತ್ತು ಎಂದು ನೋಡಬೇಕಾಗುತ್ತದೆ. ಮಿರ್ಜಾ ಗಾಲಿಬ್ 1869ರ ಫೆಬ್ರುವರಿ 15ರಂದು ಬಲ್ಲೀಮಾರಾನ್‌ನ ಗಲೀ ಕಾಸಿಂ ಜಾನ್‌ನಲ್ಲಿ ಕಣ್ಣುಮುಚ್ಚಿದರು. ಆಗ ಬ್ರಿಟಿಷ್ ಭಾರತದ ರಾಜಧಾನಿ ಕಲ್ಕತ್ತೆ. ರಾಜಧಾನಿ ದೆಹಲಿಗೆ ಬರುತ್ತದೆ ಎಂಬ ಘೋಷಣೆ ಹೊರಬಿದ್ದದ್ದು 1911ರ ಡಿಸೆಂಬರ್ 12ರ ದರ್ಬಾರಿನಲ್ಲಿ.

ಈ ಲೆಕ್ಕ ಕನ್ನಡಿಗರಿಗೂ ತಾಗುತ್ತದೆ. ಮೈಸೂರಿನ ಮಹಾರಾಜ ಹತ್ತನೆಯ ಚಾಮರಾಜೇಂದ್ರ ಒಡೆಯರ್ 1894ರ ಡಿಸೆಂಬರ್ 28ರಂದು ಕಲ್ಕತ್ತೆಯಲ್ಲಿ ಡಿಫ್ತೀರಿಯಾದಿಂದ ತೀರಿಕೊಂಡರು. ಕಲ್ಕತ್ತೆ ಈಗ ಪಶ್ಚಿಮ ಬಂಗಾಳದ ರಾಜಧಾನಿ, ಅಂದು ಇಡೀ ಬ್ರಿಟಿಷ್ ಭಾರತದ ರಾಜಧಾನಿ. ‘ಆ ಕಾಲದ ರಾಜಧಾನಿ’ ಎಂಬ ನಿಯಮ ಇಟ್ಟುಕೊಂಡರೆ ಗಾಲಿಬ್ ಹೊರಗುಳಿಯುತ್ತಾರೆ, ಚಾಮರಾಜೇಂದ್ರ ಒಡೆಯರ್ ಒಳಗೆ ಬರುತ್ತಾರೆ. ಯಾವ ನಿಯಮವಾದರೂ ಇರಲಿ, ಪಟ್ಟಿಯ ಮೊದಲ ಸಾಲಿನಲ್ಲೇ ಅದನ್ನು ಬರೆದುಬಿಡಿ. ನಡುವೆ ನಿಯಮ ಬದಲಿಸಿದ ಪಟ್ಟಿಯನ್ನು ಆಮೇಲೆ ಸರಿಪಡಿಸುವುದು ಕಷ್ಟ.

ಗಾಂಧೀಜಿ ಹುತಾತ್ಮರಾದದ್ದು ರಾಜಘಾಟ್‌ನಲ್ಲಿ ಅಲ್ಲವೇ?

ಅಲ್ಲ. 1948ರ ಜನವರಿ 30ರ ಶುಕ್ರವಾರ ಸಂಜೆ 5 ಗಂಟೆ 17 ನಿಮಿಷಕ್ಕೆ ಬಿರ್ಲಾ ಹೌಸ್‌ನ ಹಿಂದಿನ ಹುಲ್ಲುಹಾಸಿನಲ್ಲಿ, ಪ್ರಾರ್ಥನಾ ಸಭೆಗೆ ನಡೆದು ಹೋಗುತ್ತಿದ್ದಾಗ ಗುಂಡು ತಗುಲಿತು. ಅವರನ್ನು ಆಸ್ಪತ್ರೆಗೆ ಸಾಗಿಸಲಿಲ್ಲ, ಮನೆಯೊಳಕ್ಕೆ ಎತ್ತಿ ತಂದರು. ಹಾಗಾಗಿ ನಿಧನದ ಸ್ಥಳ ಬಿರ್ಲಾ ಹೌಸ್ ಎಂಬುದರಲ್ಲಿ ಗೊಂದಲವೇ ಇಲ್ಲ. ಮರುದಿನ ಯಮುನೆಯ ದಡದಲ್ಲಿ ದಹನ ನಡೆಯಿತು. ರಾಜಘಾಟ್‌ನ ಕಪ್ಪು ಅಮೃತಶಿಲೆಯ ವೇದಿಕೆ ಇರುವುದು ಆ ಜಾಗದಲ್ಲಿ. ಅದರಡಿ ದೇಹ ಹೂಳಿಲ್ಲ.

ಗಾಂಧೀಜಿ ತಮ್ಮ ಕೊನೆಯ 144 ದಿನಗಳನ್ನು ಕಳೆದ ಆ ಮನೆಯನ್ನು ಸರ್ಕಾರ 1971ರಲ್ಲಿ ವಶಕ್ಕೆ ಪಡೆದು 1973ರ ಆಗಸ್ಟ್ 15ರಂದು ಸಾರ್ವಜನಿಕರಿಗೆ ತೆರೆಯಿತು. ಈಗ ಅದರ ಹೆಸರು ಗಾಂಧಿ ಸ್ಮೃತಿ. ಎದುರಿನ ರಸ್ತೆಗೆ ತೀಸ್ ಜನವರಿ ಮಾರ್ಗ್ ಎಂದು ಹೆಸರು, ಅಂದರೆ ಜನವರಿ ಮೂವತ್ತರ ರಸ್ತೆ. ಕೋಣೆಯ ಬಾಗಿಲಿನಿಂದ ಹುತಾತ್ಮ ಸ್ತಂಭದವರೆಗೆ ಅವರ ಕೊನೆಯ ಹೆಜ್ಜೆಗಳನ್ನು ಕಲ್ಲಿನಲ್ಲಿ ಮೂಡಿಸಿದ್ದಾರೆ. ಆ ಹಾದಿ ಎಷ್ಟು ಚಿಕ್ಕದು ಎನ್ನುವುದು ಅಲ್ಲಿ ನಡೆದಾಗಲೇ ತಿಳಿಯುವುದು.

ಇನ್ನೊಂದು ಎಚ್ಚರಿಕೆ. ಬಿರ್ಲಾ ಹೌಸ್ ಎಂಬ ಹೆಸರಿನ ಮನೆ ಬೊಂಬಾಯಿಯಲ್ಲೂ ಇತ್ತು. ಸರ್ದಾರ್ ಪಟೇಲರು 1950ರ ಡಿಸೆಂಬರ್ 15ರಂದು ನಿಧನರಾದದ್ದು ಆ ಬೊಂಬಾಯಿ ಮನೆಯಲ್ಲಿ. ‘ಬಿರ್ಲಾ ಹೌಸ್’ ಎಂಬ ಪದ ಕಂಡ ಕೂಡಲೇ ದೆಹಲಿ ಎಂದು ತುಂಬಿಸಿ ಪಟೇಲರನ್ನು ಈ ಪಟ್ಟಿಗೆ ಸೇರಿಸಿಬಿಡುವ ತಪ್ಪು ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತದೆ.

ಚೈತ್ಯಭೂಮಿ ಮುಂಬೈಯಲ್ಲಿದೆ. ಅಂಬೇಡ್ಕರ್ ದೆಹಲಿಯ ಪಟ್ಟಿಗೆ ಹೇಗೆ ಸೇರುತ್ತಾರೆ?

ಬಾಬಾಸಾಹೇಬರು 1956ರ ಡಿಸೆಂಬರ್ 6ರಂದು ದೆಹಲಿಯ 26, ಅಲೀಪುರ ರಸ್ತೆಯ ಮನೆಯಲ್ಲಿ ನಿದ್ದೆಯಲ್ಲೇ ಪರಿನಿಬ್ಬಾಣ ಹೊಂದಿದರು. ಪಾರ್ಥಿವ ಶರೀರವನ್ನು ವಿಮಾನದಲ್ಲಿ ಬೊಂಬಾಯಿಗೆ ಒಯ್ದು, ಡಿಸೆಂಬರ್ 7ರಂದು ದಾದರ್ ಕಡಲತೀರದಲ್ಲಿ ಬೌದ್ಧ ವಿಧಿಯಂತೆ ಅಂತ್ಯಕ್ರಿಯೆ ನಡೆಸಿದರು. ಆ ಜಾಗವೇ ಚೈತ್ಯಭೂಮಿ. ಪ್ರತಿವರ್ಷ ಡಿಸೆಂಬರ್ 6ರಂದು ಲಕ್ಷಾಂತರ ಜನ ಸೇರುವುದು ದಾದರ್‌ನಲ್ಲಾದ್ದರಿಂದ ನಿಧನವೂ ಅಲ್ಲೇ ಎಂಬ ಭಾವನೆ ಬೇರೂರಿದೆ. ಅಲೀಪುರ ರಸ್ತೆಯ ಆ ಜಾಗದಲ್ಲಿ ತೆರೆದಿಟ್ಟ ಪುಸ್ತಕದ, ಅಂದರೆ ಸಂವಿಧಾನದ ಆಕಾರದ ರಾಷ್ಟ್ರೀಯ ಸ್ಮಾರಕ 2018ರ ಏಪ್ರಿಲ್ 13ರಂದು ಉದ್ಘಾಟನೆಯಾಯಿತು. ದೆಹಲಿಗೆ ಹೋಗುವ ಕನ್ನಡಿಗರ ಪ್ರವಾಸ ಪಟ್ಟಿಯಲ್ಲಿ ಇದು ಇರಲೇಬೇಕು.

ಇಂದಿರಾ ಗಾಂಧಿ ಮನೆಯಲ್ಲೇ ತೀರಿಕೊಂಡರೋ, ಆಸ್ಪತ್ರೆಯಲ್ಲೋ?

1984ರ ಅಕ್ಟೋಬರ್ 31ರ ಬೆಳಿಗ್ಗೆ 9 ಗಂಟೆ 20 ನಿಮಿಷದ ಸುಮಾರಿಗೆ, 1, ಸಫ್ದರ್‌ಜಂಗ್ ರಸ್ತೆಯ ಮನೆಯಿಂದ ಪಕ್ಕದ ಅಕ್ಬರ್ ರಸ್ತೆಯ ಕಚೇರಿಗೆ ನಡೆದು ಹೋಗುತ್ತಿದ್ದಾಗ ಅವರ ಅಂಗರಕ್ಷಕರೇ ಗುಂಡು ಹಾರಿಸಿದರು. ಕಾರಿನಲ್ಲಿ ಏಮ್ಸ್‌ಗೆ ಒಯ್ದರು. ವೈದ್ಯರು ಸಾವನ್ನು ಘೋಷಿಸಿದ್ದು ಮಧ್ಯಾಹ್ನ 2 ಗಂಟೆ 20 ನಿಮಿಷದ ವೇಳೆಗೆ. ಆಕಾಶವಾಣಿ ಅಧಿಕೃತವಾಗಿ ತಿಳಿಸಿದ್ದು ಸಂಜೆ. ಇಂಥ ಸಂದರ್ಭದಲ್ಲಿ ಎರಡು ಸಾಲು ಬೇಕು: ದಾಳಿಯ ಸ್ಥಳ ಸಫ್ದರ್‌ಜಂಗ್ ರಸ್ತೆ, ನಿಧನದ ಸ್ಥಳ ಏಮ್ಸ್, ಎರಡಕ್ಕೂ ಅವುಗಳದೇ ಸಮಯ. ಒಂದೇ ಸಾಲಿಗೆ ಜಾಗವಿದ್ದರೆ ಸಾವನ್ನು ಘೋಷಿಸಿದ ಜಾಗವನ್ನೇ ಬರೆಯಿರಿ. ಮನೆ ಈಗ ವಸ್ತುಸಂಗ್ರಹಾಲಯ. ಅವರು ನಡೆದ ಕೊನೆಯ ದಾರಿಯ ಮೇಲೆ ಸ್ಫಟಿಕದ ಗಾಜು ಹಾಸಿದ್ದಾರೆ.

ದಾಳಿಯ ಜಾಗ ಮತ್ತು ನಿಧನದ ಜಾಗ ಬೇರೆ ಬೇರೆ ರಾಜ್ಯದಲ್ಲಿದ್ದರೆ ಇನ್ನೂ ಹೆಚ್ಚು ಜಾಗ್ರತೆ ಬೇಕು. ಬೀದಿ ನಾಟಕದ ಸಫ್ದರ್ ಹಾಶ್ಮಿ ಮೇಲೆ 1989ರ ಜನವರಿ 1ರಂದು ದಾಳಿ ನಡೆದದ್ದು ಉತ್ತರ ಪ್ರದೇಶದ ಸಾಹಿಬಾಬಾದ್‌ನಲ್ಲಿ. ಮರುದಿನ ಅವರು ಕೊನೆಯುಸಿರೆಳೆದದ್ದು ದೆಹಲಿಯ ಆಸ್ಪತ್ರೆಯಲ್ಲಿ. ಅವರು ಈ ಪಟ್ಟಿಗೆ ಸೇರುತ್ತಾರೆ.

ಯಮುನೆಯ ದಡದಲ್ಲಿ ಸಮಾಧಿ ಇರುವವರೆಲ್ಲ ದೆಹಲಿಯಲ್ಲೇ ತೀರಿಕೊಂಡವರೇ?

ಇಲ್ಲ. ವಿಜಯ ಘಾಟ್‌ನ ಶಾಸ್ತ್ರಿಯವರ ವಿಷಯ ಮೇಲೆ ಬಂದಿದೆ. ವೀರಭೂಮಿಯ ರಾಜೀವ್ ಗಾಂಧಿ 1991ರ ಮೇ 21ರಂದು ತಮಿಳುನಾಡಿನ ಶ್ರೀಪೆರಂಬದೂರಿನಲ್ಲಿ ಹತ್ಯೆಯಾದರು. ಮಾಜಿ ರಾಷ್ಟ್ರಪತಿ ಜೈಲ್ ಸಿಂಗ್ 1994ರ ಡಿಸೆಂಬರ್ 25ರಂದು ತೀರಿಕೊಂಡದ್ದು ಚಂಡೀಗಢದಲ್ಲಿ. ನೆಹರೂ ಅವರ ಶಾಂತಿವನ, ಇಂದಿರಾ ಅವರ ಶಕ್ತಿಸ್ಥಳ, ಚರಣ್ ಸಿಂಗ್ ಅವರ ಕಿಸಾನ್ ಘಾಟ್, ವಾಜಪೇಯಿ ಅವರ ಸದೈವ ಅಟಲ್ ಈ ನಾಲ್ಕು ದೆಹಲಿಯಲ್ಲೇ ನಿಧನರಾದವರ ಸ್ಮಾರಕಗಳು ಎಂದು ಧೈರ್ಯವಾಗಿ ಬರೆಯಬಹುದು. ಉಳಿದ ಹೆಸರುಗಳನ್ನು ಒಂದೊಂದಾಗಿ ಪರಿಶೀಲಿಸಿಯೇ ಬರೆಯಿರಿ.

ದೆಹಲಿಯಲ್ಲಿ ತೀರಿಕೊಂಡು ಬೇರೆಡೆ ಅಂತ್ಯಕ್ರಿಯೆಯಾದವರು ಯಾರು?

ಅಂಬೇಡ್ಕರ್ ಜೊತೆಗೆ ಪಿ.ವಿ. ನರಸಿಂಹ ರಾವ್. ಅವರು 2004ರ ಡಿಸೆಂಬರ್ 23ರಂದು ಏಮ್ಸ್‌ನಲ್ಲಿ ನಿಧನರಾದರು, ದಹನ ಹೈದರಾಬಾದಿನಲ್ಲಿ. ವಿ.ಪಿ. ಸಿಂಗ್ 2008ರ ನವೆಂಬರ್ 27ರಂದು ದೆಹಲಿಯ ಆಸ್ಪತ್ರೆಯಲ್ಲಿ ತೀರಿಕೊಂಡರು, ದಹನ ಅಲಹಾಬಾದಿನಲ್ಲಿ. ಸೀತಾರಾಂ ಯೆಚೂರಿ ಅವರಿಗೆ ಅಂತ್ಯಕ್ರಿಯೆಯ ಸ್ಥಳವೇ ಇಲ್ಲ. 2024ರ ಸೆಪ್ಟೆಂಬರ್ 12ರಂದು ಏಮ್ಸ್‌ನಲ್ಲಿ ತೀರಿಕೊಂಡ ಅವರ ದೇಹವನ್ನು ಅದೇ ಸಂಸ್ಥೆಗೆ ಬೋಧನೆ, ಸಂಶೋಧನೆಗಾಗಿ ದಾನ ಮಾಡಲಾಯಿತು. ಆ ಕಾಲಂ ಖಾಲಿ ಬಿಡದೆ ‘ದೇಹದಾನ’ ಎಂದು ಬರೆಯಿರಿ.

ಗುರುಗ್ರಾಮ, ನೋಯ್ಡಾ ಆಸ್ಪತ್ರೆಗಳಲ್ಲಿ ತೀರಿಕೊಂಡವರು?

ಅವರು ದೆಹಲಿಯವರಲ್ಲ. ಗುರುಗ್ರಾಮ ಹರಿಯಾಣಕ್ಕೆ, ನೋಯ್ಡಾ ಉತ್ತರ ಪ್ರದೇಶಕ್ಕೆ ಸೇರಿವೆ. ಮಾಜಿ ಪ್ರಧಾನಿ ಐ.ಕೆ. ಗುಜ್ರಾಲ್ 2012ರ ನವೆಂಬರ್ 30ರಂದು, ಮುಲಾಯಂ ಸಿಂಗ್ ಯಾದವ್ 2022ರ ಅಕ್ಟೋಬರ್ 10ರಂದು ನಿಧನರಾದದ್ದು ಗುರುಗ್ರಾಮದ ಆಸ್ಪತ್ರೆಯಲ್ಲಿ. ಗುಜ್ರಾಲ್ ಅವರ ಅಂತ್ಯಕ್ರಿಯೆ ದೆಹಲಿಯಲ್ಲೇ ನಡೆದದ್ದರಿಂದ ಈ ತಪ್ಪು ಇನ್ನೂ ಸುಲಭವಾಗಿ ನುಸುಳುತ್ತದೆ.

ಪ್ರಯಾಣದ ನಡುವೆ ಪ್ರಾಣ ಹೋದರೆ?

ಇಂದಿನ ನಿಯಮದ ಪ್ರಕಾರ ಚಲಿಸುವ ವಾಹನದಲ್ಲಿ ಸಾವು ಸಂಭವಿಸಿದರೆ, ವಾಹನ ಮೊದಲು ನಿಲ್ಲುವ ಜಾಗದಲ್ಲಿ ನೋಂದಣಿಯಾಗಬೇಕು. ಹಳೆಯ ಪ್ರಕರಣಗಳಲ್ಲಿ ‘ರೈಲಿನಲ್ಲಿ, ದೆಹಲಿಗೆ ಬರುವ ದಾರಿಯಲ್ಲಿ’ ಎಂದೇ ಬರೆಯುವುದು ಪ್ರಾಮಾಣಿಕ. ಕಾಂಗ್ರೆಸ್ ಅಧ್ಯಕ್ಷರಾಗಿದ್ದ ಡಾ. ಎಂ.ಎ. ಅನ್ಸಾರಿ 1936ರ ಮೇ ತಿಂಗಳಲ್ಲಿ ಮಸ್ಸೂರಿಯಿಂದ ದೆಹಲಿಗೆ ಬರುವಾಗ ರೈಲಿನಲ್ಲಿ ತೀರಿಕೊಂಡರು. ಅವರ ಗೋರಿ ಜಾಮಿಯಾ ಮಿಲ್ಲಿಯಾ ಆವರಣದಲ್ಲಿದೆ.

ಅಧಿಕಾರದಲ್ಲಿದ್ದಾಗಲೇ ದೆಹಲಿಯಲ್ಲಿ ತೀರಿಕೊಂಡ ರಾಷ್ಟ್ರಪತಿಗಳು?

ಇಬ್ಬರು. ಜಾಕಿರ್ ಹುಸೇನ್, 1969ರ ಮೇ 3. ಫಕ್ರುದ್ದೀನ್ ಅಲಿ ಅಹ್ಮದ್, 1977ರ ಫೆಬ್ರುವರಿ 11. ಮೊದಲನೆಯವರ ಗೋರಿಯೂ ಜಾಮಿಯಾ ಆವರಣದಲ್ಲಿದೆ. ಎರಡನೆಯವರದು ಸಂಸತ್ ಭವನದ ಬಳಿಯ ಮಸೀದಿಯ ಆವರಣದಲ್ಲಿದೆ.

ಮೊಘಲರ ಕಾಲ ಮತ್ತು ಅದಕ್ಕೂ ಹಿಂದಿನವರ ವಿಷಯದಲ್ಲಿ ಏನು ನೋಡಬೇಕು?

ಮೊದಲು ತಾರೀಖು. ಹಿಜರಿ, ವಿಕ್ರಮ ಸಂವತ್, ಜೂಲಿಯನ್ ಪಂಚಾಂಗಗಳಿಂದ ಬದಲಾಯಿಸಿಕೊಂಡ ತಾರೀಖುಗಳು ಒಂದು ಪುಸ್ತಕದಿಂದ ಇನ್ನೊಂದಕ್ಕೆ ಕೆಲವು ದಿನ ಹೆಚ್ಚುಕಡಿಮೆಯಾಗುತ್ತವೆ. ಭಿನ್ನತೆ ಕಂಡಲ್ಲಿ ತಿಂಗಳು, ವರ್ಷಕ್ಕೆ ನಿಲ್ಲಿಸಿ. ನಿಜಾಮುದ್ದೀನ್ ಔಲಿಯಾ ಮತ್ತು ಅವರ ಶಿಷ್ಯ ಅಮೀರ್ ಖುಸ್ರೋ ಇಬ್ಬರೂ 1325ರಲ್ಲಿ, ಕೆಲವೇ ತಿಂಗಳ ಅಂತರದಲ್ಲಿ ದೆಹಲಿಯಲ್ಲಿ ತೀರಿಕೊಂಡರು. ಇಷ್ಟು ಬರೆದರೆ ಸಾಕು.

ಎರಡನೆಯದು, ಗೋರಿ ಇರುವಲ್ಲೇ ಸಾವು ಎಂಬ ಊಹೆ. ಹುಮಾಯೂನ್ 1556ರ ಜನವರಿಯಲ್ಲಿ ಪುರಾನಾ ಕಿಲಾದೊಳಗಿನ ಶೇರ್ ಮಂಡಲ್ ಎಂಬ ಎಂಟು ಮೂಲೆಯ ಎರಡಂತಸ್ತಿನ ಕಟ್ಟಡದ ಮೆಟ್ಟಿಲಿನಿಂದ ಜಾರಿಬಿದ್ದು, ಕೆಲವು ದಿನಗಳಲ್ಲಿ ತೀರಿಕೊಂಡ. ಜಗತ್ತು ನೋಡಲು ಬರುವ ಅವನ ಗೋರಿ ಬೇರೆ ಜಾಗದಲ್ಲಿ, ವರ್ಷಗಳ ನಂತರ ಕಟ್ಟಿದ್ದು. ಮೆಟ್ಟಿಲು ನೋಡಬೇಕೆನ್ನುವವರು ಪುರಾನಾ ಕಿಲಾಗೇ ಹೋಗಬೇಕು.

ಮೂರನೆಯದು ಸಿಖ್ ಗುರುಗಳ ನೆಲೆಗಳು. ಇಲ್ಲಿ ಒಂದೊಂದು ಘಟನೆಗೂ ಒಂದೊಂದು ಗುರುದ್ವಾರವಿದೆ. ಗುರು ತೇಗ್ ಬಹಾದೂರ್ 1675ರ ನವೆಂಬರ್‌ನಲ್ಲಿ ಔರಂಗಜೇಬನ ಆಜ್ಞೆಯಂತೆ ಶಿರಚ್ಛೇದಕ್ಕೆ ಒಳಗಾದದ್ದು ಚಾಂದನಿ ಚೌಕದಲ್ಲಿ, ಅದು ಗುರುದ್ವಾರ ಸೀಸ್‌ಗಂಜ್. ದೇಹದ ದಹನ ನಡೆದದ್ದು ಇಂದಿನ ಗುರುದ್ವಾರ ರಕಾಬ್‌ಗಂಜ್ ಇರುವಲ್ಲಿ. ಶಿರಸ್ಸನ್ನು ಆನಂದಪುರಕ್ಕೆ ಒಯ್ದು ಅಲ್ಲಿ ದಹಿಸಿದರು. ಎಂಟನೆಯ ಗುರು ಹರ್ ಕ್ರಿಶನ್ 1664ರಲ್ಲಿ ದೆಹಲಿಯಲ್ಲಿ ತೀರಿಕೊಂಡಾಗ ಇನ್ನೂ ಬಾಲಕ. ಅವರು ತಂಗಿದ್ದ ಬಂಗಲೆಯ ಜಾಗ ಬಂಗ್ಲಾ ಸಾಹಿಬ್, ದಹನದ ಜಾಗ ಬಾಲಾ ಸಾಹಿಬ್.

ಕೊನೆಯ ಮೊಘಲ ಬಹಾದೂರ್ ಶಾ ಜಫರ್ ದೆಹಲಿಯಲ್ಲಿ ತೀರಿಕೊಳ್ಳಲಿಲ್ಲ. ಗಡಿಪಾರಾಗಿ 1862ರ ನವೆಂಬರ್ 7ರಂದು ರಂಗೂನಿನಲ್ಲಿ ಪ್ರಾಣಬಿಟ್ಟ.

ದೆಹಲಿಯಲ್ಲಿ ತೀರಿಕೊಂಡ ಕನ್ನಡ ನಾಡಿನವರು ಯಾರು?

ಇತ್ತೀಚಿನ ಇಬ್ಬರ ವಿವರ ಸ್ಪಷ್ಟವಾಗಿದೆ. ಮಂಗಳೂರಿನಲ್ಲಿ ಹುಟ್ಟಿದ ಜಾರ್ಜ್ ಫರ್ನಾಂಡಿಸ್ 2019ರ ಜನವರಿ 29ರಂದು, 88ನೆಯ ವಯಸ್ಸಿನಲ್ಲಿ ನಿಧನರಾದರು. ಲೋಧಿ ರಸ್ತೆಯ ಚಿತಾಗಾರದಲ್ಲಿ ದಹನ ನಡೆಸಿ, ಚಿತಾಭಸ್ಮವನ್ನು ಪೃಥ್ವಿರಾಜ್ ರಸ್ತೆಯ ಕ್ರೈಸ್ತ ಸ್ಮಶಾನದಲ್ಲಿ ಹೂಳಿದರು. ಬೆಳಗಾವಿಯ ಸಂಸದ, ರೈಲ್ವೆ ರಾಜ್ಯ ಸಚಿವ ಸುರೇಶ್ ಅಂಗಡಿ 2020ರ ಸೆಪ್ಟೆಂಬರ್ 23ರಂದು ಕೋವಿಡ್‌ನಿಂದ ಏಮ್ಸ್‌ನಲ್ಲಿ ತೀರಿಕೊಂಡರು. ಸೋಂಕಿನ ನಿಯಮಗಳಿಂದಾಗಿ ಊರಿಗೆ ಒಯ್ಯಲಾಗದೆ, ದ್ವಾರಕಾದ ಲಿಂಗಾಯತ ರುದ್ರಭೂಮಿಯಲ್ಲೇ ಅಂತ್ಯಸಂಸ್ಕಾರ ನಡೆಯಿತು. ಬೆಳಗಾವಿಯ ಜನ ಅವರ ಅಂತಿಮ ದರ್ಶನಕ್ಕಾಗಿ ಎಷ್ಟು ಹಂಬಲಿಸಿದರು ಎಂಬುದು ಅಲ್ಲಿಯವರಿಗೆ ಗೊತ್ತು.

ಬೇರೆ ದೇಶದ ರಾಜಧಾನಿಯಲ್ಲಿ ತೀರಿಕೊಂಡ ಕನ್ನಡ ನಾಡಿನವರಲ್ಲಿ ಕೊಡಗಿನ ಜನರಲ್ ಕೆ.ಎಸ್. ತಿಮ್ಮಯ್ಯ ಪ್ರಮುಖರು. ಸೈಪ್ರಸ್‌ನಲ್ಲಿ ವಿಶ್ವಸಂಸ್ಥೆಯ ಶಾಂತಿಪಾಲನಾ ಪಡೆಯ ದಂಡನಾಯಕರಾಗಿದ್ದಾಗ 1965ರ ಡಿಸೆಂಬರ್ 18ರಂದು ನಿಕೋಸಿಯಾದಲ್ಲಿ ನಿಧನರಾದರು. ಅಂತ್ಯಸಂಸ್ಕಾರ ಬೆಂಗಳೂರಿನಲ್ಲಿ.

ನಿಧನದ ಸ್ಥಳವನ್ನು ಖಚಿತಪಡಿಸಿಕೊಳ್ಳುವುದು ಹೇಗೆ?

ಆಸ್ಪತ್ರೆಯಲ್ಲಿ ಆದ ಸಾವಾದರೆ ಆಸ್ಪತ್ರೆಯ ಪ್ರಕಟಣೆಯಿಂದ ಶುರು ಮಾಡಿ. ವಾಜಪೇಯಿ ಅವರ ನಿಧನದಂದು, 2018ರ ಆಗಸ್ಟ್ 16ರಂದು, ಏಮ್ಸ್ ಹೊರಡಿಸಿದ ಪ್ರಕಟಣೆಯಲ್ಲಿ ಸಂಜೆ 5 ಗಂಟೆ 5 ನಿಮಿಷ ಎಂದು ಸಮಯವೂ ಇತ್ತು. ಸಂಸದರಾಗಿದ್ದವರಾದರೆ ಲೋಕಸಭೆ, ರಾಜ್ಯಸಭೆಯ ನಡಾವಳಿಯಲ್ಲಿ ಸಂತಾಪ ಸೂಚನೆಯ ಭಾಗ ನೋಡಿ. ಸಭಾಧ್ಯಕ್ಷರು ಓದುವ ಆ ಸಂತಾಪದಲ್ಲಿ ನಿಧನದ ದಿನ ಮತ್ತು ವಯಸ್ಸು, ಹೆಚ್ಚಾಗಿ ಊರೂ ಇರುತ್ತದೆ. ಎಂದೋ ಸಂಸದರಾಗಿದ್ದು ಮರೆತುಹೋದವರ ವಿವರವೂ ಅಲ್ಲಿ ಸಿಗುತ್ತದೆ. ಆಮೇಲೆ ಮರುದಿನದ ಎರಡು ಪತ್ರಿಕೆಗಳನ್ನು ಹೋಲಿಸಿ.

ಪತ್ರಿಕೆ ಓದುವಾಗ ಎಡವುವುದು ಸುದ್ದಿಯ ಮೊದಲಿಗೆ ಅಚ್ಚಾಗುವ ಊರಿನ ಹೆಸರಿನಲ್ಲಿ. ‘ನವದೆಹಲಿ, ಜ. 11’ ಎಂದಿದ್ದರೆ ವರದಿ ಹೊರಟ ಊರು ನವದೆಹಲಿ ಎಂದರ್ಥ. ಸಾವು ಎಲ್ಲೋ ಆಗಿರುತ್ತದೆ, ಸಂತಾಪದ ಸುದ್ದಿ ರಾಜಧಾನಿಯಿಂದ ಬಂದಿರುತ್ತದೆ. ರಾತ್ರಿ ಆದ ಸಾವಿಗೆ ಪತ್ರಿಕೆಯ ದಿನಾಂಕವನ್ನೇ ನಿಧನದ ದಿನಾಂಕ ಮಾಡಿಬಿಡುವುದೂ ಅಷ್ಟೇ ಸಾಮಾನ್ಯ.

ಉನ್ನತ ಸ್ಥಾನದಿಂದ ಬಂದ ಸುದ್ದಿಯೂ ತಪ್ಪಬಹುದು. 1979ರ ಮಾರ್ಚ್‌ನಲ್ಲಿ ಜಯಪ್ರಕಾಶ್ ನಾರಾಯಣ್ ಬೊಂಬಾಯಿಯ ಆಸ್ಪತ್ರೆಯಲ್ಲಿ ಬದುಕಿರುವಾಗಲೇ ಸಂಸತ್ತಿನಲ್ಲಿ ಅವರಿಗೆ ಶ್ರದ್ಧಾಂಜಲಿ ಸಲ್ಲಿಕೆಯಾಯಿತು. ಅವರು ತೀರಿಕೊಂಡದ್ದು ಅದೇ ವರ್ಷದ ಅಕ್ಟೋಬರ್ 8ರಂದು, ಪಟ್ನಾದಲ್ಲಿ. ಮೊದಲ ಸುದ್ದಿ ಬಂದ ಗಳಿಗೆಯಲ್ಲಿ ಪಟ್ಟಿ ತಿದ್ದಲು ಹೋಗದಿರುವುದಕ್ಕೆ ಇದಕ್ಕಿಂತ ಬೇರೆ ಕಾರಣ ಬೇಡ.

ಮರಣ ನೋಂದಣಿ ಪುಸ್ತಕ ನೋಡಲು ಆಗುತ್ತದೆಯೇ?

1969ರ ಜನನ ಮರಣ ನೋಂದಣಿ ಕಾಯ್ದೆಯ 17ನೆಯ ಕಲಂ ಪ್ರಕಾರ, ಶುಲ್ಕ ಕೊಟ್ಟು ನೋಂದಣಿಯ ಹುಡುಕಾಟ ನಡೆಸಿ ಮರಣದ ನಕಲು ಪಡೆಯಲು ಅವಕಾಶವಿದೆ. ಆದರೆ ಆ ನಕಲಿನಲ್ಲಿ ಸಾವಿನ ಕಾರಣ ಇರುವುದಿಲ್ಲ, ಕಾಯ್ದೆಯೇ ಅದನ್ನು ತಡೆಯುತ್ತದೆ. ಕಾರಣ ತಿಳಿಯಲು ಈ ದಾರಿ ಹಿಡಿದರೆ ಪ್ರಯೋಜನವಿಲ್ಲ.

ಅರ್ಜಿ ಕೊಡುವ ಮೊದಲು ಸಾವು ಯಾವ ಸ್ಥಳೀಯ ಸಂಸ್ಥೆಯ ಹದ್ದಿನಲ್ಲಿ ಆಯಿತು ಎಂದು ತಿಳಿದುಕೊಳ್ಳಿ. ನೋಂದಣಿಯಾಗುವುದು ಸಾವು ಸಂಭವಿಸಿದ ಜಾಗದ ಕಚೇರಿಯಲ್ಲಿ, ಮನೆ ವಿಳಾಸದ ಕಚೇರಿಯಲ್ಲಲ್ಲ. ದೆಹಲಿಯಲ್ಲಿ ಮಹಾನಗರ ಪಾಲಿಕೆ, ನವದೆಹಲಿ ಪುರಸಭಾ ಮಂಡಳಿ, ದಂಡು ಮಂಡಳಿ ಎಂದು ಮೂರು ಸಂಸ್ಥೆಗಳಿವೆ. 2012ರಿಂದ 2022ರವರೆಗೆ ಮಹಾನಗರ ಪಾಲಿಕೆಯೇ ಉತ್ತರ, ದಕ್ಷಿಣ, ಪೂರ್ವ ಎಂದು ಮೂರು ಹೋಳಾಗಿತ್ತು. ಹಾಗಾಗಿ ಆ ಹತ್ತು ವರ್ಷಗಳ ಪ್ರಮಾಣಪತ್ರಗಳಲ್ಲಿ ಈಗ ಇಲ್ಲದ ಆ ಮೂರು ಪಾಲಿಕೆಗಳಲ್ಲೊಂದರ ಹೆಸರು ಕಂಡರೆ ನಕಲಿ ಎಂದುಕೊಳ್ಳಬೇಡಿ.

ಒಂದೇ ದಿನದಲ್ಲಿ ಯಾವ ಯಾವ ಜಾಗ ನೋಡಬಹುದು?

ಸೋಮವಾರ ಬಿಟ್ಟು ಬೇರೆ ದಿನ ಹೋಗಿ. ಗಾಂಧಿ ಸ್ಮೃತಿ, ಇಂದಿರಾ ಸ್ಮಾರಕ, ತೀನ್ ಮೂರ್ತಿ, ಅಲೀಪುರ ರಸ್ತೆಯ ಸ್ಮಾರಕ, ಗಾಲಿಬ್ ಹವೇಲಿ ಎಲ್ಲಕ್ಕೂ ಸೋಮವಾರ ರಜೆ.

ಬೆಳಿಗ್ಗೆ ಮೆಟ್ರೊ ಹಳದಿ ಮಾರ್ಗದಲ್ಲಿ ಲೋಕ ಕಲ್ಯಾಣ ಮಾರ್ಗ ನಿಲ್ದಾಣದಲ್ಲಿ ಇಳಿಯಿರಿ. ಇಂದಿರಾ ಸ್ಮಾರಕ, ಗಾಂಧಿ ಸ್ಮೃತಿ, ತೀನ್ ಮೂರ್ತಿ ಮೂರೂ ಆ ಸುತ್ತಿನಲ್ಲೇ ಇವೆ, ಒಂದರಿಂದ ಇನ್ನೊಂದಕ್ಕೆ ನಡೆದು ಅಥವಾ ಆಟೊದಲ್ಲಿ ಹೋಗಬಹುದು. ಮೊದಲೆರಡಕ್ಕೆ ಪ್ರವೇಶ ಉಚಿತ. ತೀನ್ ಮೂರ್ತಿ ಆವರಣದಲ್ಲಿರುವ ಪ್ರಧಾನಮಂತ್ರಿಗಳ ಸಂಗ್ರಹಾಲಯಕ್ಕೆ ಟಿಕೆಟ್ ಬೇಕು, ಸಮಯವೂ ಹೆಚ್ಚು ಹಿಡಿಯುತ್ತದೆ, ಅದನ್ನು ಮೂರನೆಯದಾಗಿ ಇಟ್ಟುಕೊಳ್ಳಿ. ಮಧ್ಯಾಹ್ನ ಅದೇ ಹಳದಿ ಮಾರ್ಗದಲ್ಲಿ ಸಿವಿಲ್ ಲೈನ್ಸ್‌ಗೆ ಹೋಗಿ ಅಂಬೇಡ್ಕರ್ ಸ್ಮಾರಕ ನೋಡಿ, ಮರಳುವಾಗ ಚಾವಡಿ ಬಜಾರ್‌ನಲ್ಲಿ ಇಳಿದು ಬಲ್ಲೀಮಾರಾನ್‌ಗೆ ಸೈಕಲ್ ರಿಕ್ಷಾ ಹಿಡಿಯಿರಿ. ಗಲ್ಲಿ ಇಕ್ಕಟ್ಟು, ಕಾರು ತೆಗೆದುಕೊಂಡು ಹೋಗಬೇಡಿ. ಗಾಲಿಬ್ ಗೋರಿ ಇಲ್ಲಿಲ್ಲ, ಅದು ದಕ್ಷಿಣದ ನಿಜಾಮುದ್ದೀನ್ ದರ್ಗಾ ಬಳಿ ಇದೆ. ಅದನ್ನು ಹುಮಾಯೂನ್ ಗೋರಿಯ ಜೊತೆ ಇನ್ನೊಂದು ದಿನಕ್ಕೆ ಇಡುವುದು ಒಳ್ಳೆಯದು.

ಸಂಜೆಗೆ ರಾಜಘಾಟ್, ನೇರಳೆ ಮಾರ್ಗದ ದಿಲ್ಲಿ ಗೇಟ್ ನಿಲ್ದಾಣದಿಂದ. ವೇದಿಕೆಯ ಬಳಿ ಹೋಗುವ ಮೊದಲು ಪಾದರಕ್ಷೆ ಬಿಡಬೇಕು. ಬೇಸಿಗೆಯಲ್ಲಿ ಕಲ್ಲು ಕಾದಿರುತ್ತದೆ, ಕಾಲುಚೀಲ ಜೊತೆಗಿರಲಿ. ಗಾಂಧೀಜಿ ಹುತಾತ್ಮರಾದದ್ದು ಶುಕ್ರವಾರವಾದ್ದರಿಂದ ಪ್ರತಿ ಶುಕ್ರವಾರ ಅಲ್ಲಿ ಪ್ರಾರ್ಥನೆ ನಡೆಯುತ್ತದೆ. ವಿದೇಶಿ ಗಣ್ಯರು ಹಾರ ಹಾಕಲು ಬರುವ ದಿನಗಳಲ್ಲಿ ಕೆಲಹೊತ್ತು ಸಾರ್ವಜನಿಕರನ್ನು ಒಳಬಿಡುವುದಿಲ್ಲ, ಹೊರಡುವ ಮೊದಲು ಆ ದಿನದ ಪತ್ರಿಕೆ ನೋಡಿಕೊಳ್ಳಿ.